ಆರನೆಯ ತಿಂಗಳು

ಜಾರಿತು, ಚೌಕಟ್ಟಿನ ಎಡಮೂಲೆಯಿಂದ ಹೊರಗೆ ಜಾರಿ ಹೋಯಿತು, ಮತ್ತೆ ಹುಡುಕಬೇಕು, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಈ ಲೆನ್ಸಿನೊಳಗೆ ಆಕಾಶ ಎಷ್ಟು ಖಾಲಿ, ಕೂದಲೆಳೆಯಷ್ಟು ಕೈ ಅಲುಗಿದರೆ ಸಾಕು ಚಂದ್ರ ಪೂರ್ತಿ ಮಾಯ, ಬರೀ ನೀಲಿ, ಸಂಜೆಯ ತೆಳು ನೀಲಿ, ಒಂದು ಕಾಗೆ, ನೀರಿನ ಟ್ಯಾಂಕಿನ ಅಂಚು, ಯಾರದೋ ಬೆಡ್‌ಶೀಟಿನ ತುದಿ — ಇಲ್ಲ, ಇನ್ನೂ ಮೇಲೆ — ಸಿಕ್ಕಿತು. ನಡುಗುತ್ತಿದೆ. ಚಂದ್ರ ಎಲ್ಲಿ ನಡುಗುತ್ತಾನೆ, ನಡುಗುವವಳು ನಾನು, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿದು, ಗುಂಡಿಯನ್ನು ಅರ್ಧ ಒತ್ತಿದರೆ ಲೆನ್ಸಿನ ಹೊಟ್ಟೆಯೊಳಗೆ ಸಣ್ಣಗೆ ಗುಂಯ್ ಅನ್ನುತ್ತದೆ, ಒಳಗಿನ ಗಾಜು ನನ್ನ ನಡುಕಕ್ಕೆ ಎದುರಾಗಿ ತಾನೂ ಸರಿದು ಸರಿದೂಗಿಸುತ್ತದೆ, ಆಗ ಚಂದ್ರ ನಿಲ್ಲುತ್ತಾನೆ, ಮೊಳೆ ಹೊಡೆದ ಹಾಗೆ. ಸ್ಟ್ಯಾಂಡು ಗೀಂಡು ಇಲ್ಲದೆ ಬರೀ ಕೈಯಲ್ಲಿ ಹಿಡಿದು ಚಂದ್ರನನ್ನು ನಿಲ್ಲಿಸುವುದು ಅಂದರೆ ನನಗೆ ಅದೊಂದು ಸುಖ, ಎಷ್ಟೋ ಸಲ ಫೋಟೋ ತೆಗೆಯದೆ ಬರೀ ಅರ್ಧ ಒತ್ತಿ ನೋಡುತ್ತಾ ನಿಂತಿದ್ದೇನೆ. ಇವತ್ತು ಬೆರಳು ಒತ್ತುತ್ತಿಲ್ಲ. ನಡುಗಲಿ ಅನಿಸುತ್ತಿದೆ, ಇನ್ನೂ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇರಲಿ. ಸಿಕ್ಕಿದ್ನಾ, ಅಂತ ಹಿಂದಿನಿಂದ ಗುಬ್ಬಿ ಕೇಳಿದಳು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ ನನ್ನ ತಂಗಿ, ಹುಟ್ಟಿದಾಗ ಅಂಗೈಯಷ್ಟೇ ಇದ್ದಳು ಅಂತ ಗುಬ್ಬಿ, ಈಗ ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ನನ್ನ ಮನೆಯ ತಾರಸಿಗೆ ಮೆಟ್ಟಿಲು ಹತ್ತಿ ಬಂದಿದ್ದಾಳೆ, ಗುಬ್ಬಿ ಎಲ್ಲಿಂದ ಬಂತು, ಬಾತುಕೋಳಿ ಅನ್ನು ಅಂತ ತಾನೇ ನಕ್ಕಿದ್ದಾಳೆ. ಸಿಕ್ಕಿದ, ಅಂದೆ. ತೆಗಿ ಮತ್ತೆ. ತೆಗೀತೀನಿ ಇರು, ಬೆಳಕು ಸರಿ ಇಲ್ಲ. ಬೆಳಕು ಸರಿಯಾಗಿಯೇ ಇದೆ.

ಬೆಳಕು ಮಧ್ಯಾಹ್ನವೂ ಸರಿಯಾಗಿಯೇ ಇತ್ತು, ಅಂದರೆ ಕತ್ತಲೆ ಸರಿಯಾಗಿತ್ತು, ಸ್ಕ್ಯಾನ್ ಕೋಣೆಯಲ್ಲಿ ಕತ್ತಲೆ ಬೇಕು, ಪರದೆಯ ಬೂದು ಬೆಳಕೊಂದೇ. ಯಂತ್ರ ಆಸ್ಪತ್ರೆಯದು, ಹಿಡಿಯುವ ಕೈ ನನ್ನದು, ನೋಡುವವಳು ನಾನು, ಹೇಳುವವರು ಡಾಕ್ಟರಮ್ಮ, ಇಷ್ಟು ವರ್ಷದಿಂದ ಇದೇ ಏರ್ಪಾಡು, ನೋಡಿಯೂ ನೋಡದ ಮುಖ ಇಟ್ಟುಕೊಳ್ಳುವುದು ನನ್ನ ಕೆಲಸದ ಅರ್ಧ ಭಾಗ. ಊಟದ ಬಿಡುವಿನಲ್ಲಿ ಬಾಗಿಲು ತಳ್ಳಿಕೊಂಡು ಬಂದಳು ಗುಬ್ಬಿ, ಅಕ್ಕಾ ಒಂದೆರಡು ನಿಮಿಷ ಹಾಕಿ ನೋಡು, ನಿನ್ನೆಯಿಂದ ಇವನು ತುಂಬಾ ಒಳ್ಳೆ ಹುಡುಗ ಆಗ್ಬಿಟ್ಟಿದಾನೆ, ಒದೆಯೋದೇ ಇಲ್ಲ. ಇವನು ಅನ್ನುವುದು ಅವಳ ಹಟ, ಗಂಡೋ ಹೆಣ್ಣೋ ಯಾರು ಕಂಡಿದ್ದಾರೆ. ನಾನೂ ನಗುತ್ತಲೇ ಮಲಗು ಅಂದೆ, ಜೆಲ್ ತಣ್ಣಗಿರತ್ತೆ ಅಂದೆ, ಗೊತ್ತಕ್ಕಾ ಅಂದಳು, ಕಿರುಬೆರಳನ್ನು ಅವಳ ಪಕ್ಕೆಗೆ ಊರಿದೆ, ಕೈ ಅಲುಗಬಾರದು ಅಂದರೆ ಎಲ್ಲಾದರೂ ಒಂದು ಆಸರೆ ಬೇಕು, ಬೆನ್ನುಮೂಳೆ ಸಿಕ್ಕಿತು, ಪೋಣಿಸಿದ ಮಣಿಗಳ ಹಾಗೆ, ತಲೆ ಸಿಕ್ಕಿತು, ಮಡಚಿದ ಮೊಣಕಾಲು, ಎದೆ, ಎದೆಯೊಳಗೆ ನಾಲ್ಕು ಕೋಣೆ, ಅಲ್ಲಿ ಯಾವಾಗಲೂ ಏನೋ ಒಂದು ರೆಪ್ಪೆ ಬಡಿದ ಹಾಗೆ ಪಟಪಟ ಪಟಪಟ ಅನ್ನುತ್ತಿರುತ್ತದೆ, ಎಷ್ಟು ಅಭ್ಯಾಸವಾಗಿದೆ ಅಂದರೆ ಗಡಿಯಾರದ ಸದ್ದಿನ ಹಾಗೆ ಅದು ಇರುವುದೇ ನನ್ನ ಗಮನಕ್ಕೆ ಬರುವುದಿಲ್ಲ, ಇವತ್ತು ಬಂತು. ನಾಲ್ಕು ಕೋಣೆಯೂ ಇದ್ದವು. ಏನೂ ಅಲುಗುತ್ತಿರಲಿಲ್ಲ. ಕೈಯಲ್ಲಿದ್ದ ಪ್ರೋಬನ್ನು ವಾಲಿಸಿದೆ, ಈ ಬದಿಯಿಂದ ನೋಡಿದೆ, ಆ ಬದಿಯಿಂದ ನೋಡಿದೆ, ಬಣ್ಣದ ಗುಂಡಿ ಒತ್ತಿದೆ, ರಕ್ತ ಓಡುವ ಕಡೆ ಕೆಂಪು ನೀಲಿ ಚಿಮ್ಮಬೇಕು, ಕೆಂಪು ಬರಲಿಲ್ಲ, ನೀಲಿ ಬರಲಿಲ್ಲ. ಏನ್ ಮಾಡ್ತಿದಾನೆ ಸಾಹೇಬ, ಅಂದಳು. ಮಲಗಿದಾನೆ, ಅಂದೆ, ಬೆನ್ನು ತಿರುಗಿಸ್ಕೊಂಡು ಮಲಗಿದಾನೆ, ಸರಿಯಾಗಿ ಕಾಣ್ತಿಲ್ಲ, ಸಂಜೆ ಡಾಕ್ಟರಮ್ಮ ಬಂದ್ಮೇಲೆ ಇನ್ನೊಂದ್ಸಲ ನೋಡೋಣ. ಸೋಮಾರಿ, ಥೇಟ್ ಅಪ್ಪನ ಹಾಗೇ, ಅಂದಳು, ಕಾಗದದಿಂದ ಹೊಟ್ಟೆ ಒರೆಸಿಕೊಳ್ಳುತ್ತಾ.

ಔಷಧಿ ಉಗ್ರಾಣದ ಪಕ್ಕದ ಓಣಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ಅವರು ಊರಾಚೆ ಇನ್ನೊಂದು ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಕೈ ತೊಳೆಯುತ್ತಿದ್ದರು, ನಮ್ಮಲ್ಲಿದ್ದ ಇನ್ನೊಬ್ಬ ಡಾಕ್ಟರು ರಜೆ, ನಾನು ಹೇಳಿದ್ದು ಕೇಳಿ ನಲ್ಲಿ ನಿಲ್ಲಿಸಿದರು, ಚಿತ್ರಗಳನ್ನ ಕಳಿಸು, ಈ ಕೇಸ್ ಮುಗಿದ ಕೂಡ್ಲೇ ನೋಡ್ತೀನಿ, ಸಂಜೆ ಅಲ್ಲಿರ್ತೀನಿ, ಅಲ್ಲೀವರೆಗೆ ಏನೂ ಹೇಳ್ಬೇಡ, ಎರಡನೇ ಕಣ್ಣು ನೋಡ್ದೆ ಇಂಥದ್ದು ಹೇಳೋ ಹಾಗಿಲ್ಲ ನಿಂಗೆ ಗೊತ್ತಲ್ಲ, ಅದೂ ಅಲ್ದೆ ನೀನು ಅಕ್ಕ, ಅಕ್ಕನ ಕಣ್ಣು ತಪ್ಪು ನೋಡಿರಬಹುದು. ತಪ್ಪು ನೋಡಿರಬಹುದು. ಮಧ್ಯಾಹ್ನದಿಂದ ಆ ಮಾತನ್ನೇ ಕೆನ್ನೆಯೊಳಗೆ ಇಟ್ಟುಕೊಂಡು ಚೀಪುತ್ತಿದ್ದೇನೆ, ಅದರ ಸಿಹಿಯೆಲ್ಲ ಯಾವಾಗಲೋ ಮುಗಿದಿದೆ, ಆದರೂ ಉಗುಳಲು ಮನಸ್ಸಿಲ್ಲ. ಹೇಳಬೇಕಾದ ಇನ್ನೊಬ್ಬನೂ ಸಿಗುವುದಿಲ್ಲ, ಅವಳ ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ, ಮನೆಯಲ್ಲಿ ಎಲ್ಲರಿಗೂ ಅವನು ಕ್ರೇನಪ್ಪ, ಪಾಳಿ ಮುಗಿಯುವ ತನಕ ಫೋನು ಕೆಳಗಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ಅವನು ಮೇಲೆ ಗಾಜಿನ ಗೂಡಿನಲ್ಲಿ, ಈಗ ಈ ಹೊತ್ತಿಗೆ ನಮ್ಮೆಲ್ಲರಿಗಿಂತ ಚಂದ್ರನಿಗೆ ಹತ್ತಿರ, ಯಾರದೋ ಪೆಟ್ಟಿಗೆಗಳನ್ನು ಮೆಲ್ಲಗೆ ಇಳಿಸುತ್ತಿರುತ್ತಾನೆ, ಏನೂ ಗೊತ್ತಿಲ್ಲದೆ. ಗೊತ್ತಿಲ್ಲದಿರುವುದು ಎಷ್ಟು ಹಗುರ. ಸಂಜೆವರೆಗೆ ಮನೆಗೆ ಹೋಗಿ ಯಾಕೆ ಬರ್ಲಿ, ನಿನ್ನ ಮನೇಲೇ ಇರ್ತೀನಿ, ಅಂದಳು ಗುಬ್ಬಿ, ನನ್ನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ, ಅಲ್ಲದೆ ಈ ತಿಂಗಳದ್ದು ಬಾಕಿ ಇದೆ ಅಕ್ಕಾ, ಇವತ್ತು ಮೋಡ ಇಲ್ಲ, ತೆಗೆದು ಬಿಡೋಣ.

ಈ ತಿಂಗಳದ್ದು. ತಿಂಗಳು ಅಂದ್ರೆ ಚಂದ್ರನೂ ಹೌದು ತಿಂಗಳೂ ಹೌದು, ಶಾಲೇಲಿ ಕಲಿತಿದ್ದರಲ್ಲಿ ನಂಗೆ ನೆನಪಿರೋದು ಇದೊಂದೇ, ಅಂತ ಅವಳೇ ಹುಡುಕಿಕೊಂಡ ಆಟ ಇದು, ಬಸುರಿಗೆ ಎಷ್ಟು ತಿಂಗಳು ಅಂತ ಜನ ಕೇಳ್ತಾರಲ್ಲ, ನಾನು ಗೋಡೆ ತೋರಿಸ್ತೀನಿ, ಎಣಿಸ್ಕೊಳ್ಳಿ ಅಂತೀನಿ. ಅವಳ ಮನೆಯಲ್ಲಿ ತೊಟ್ಟಿಲು ಇಡುವ ಮೂಲೆಯ ಗೋಡೆಯಲ್ಲಿ ಐದು ಚಂದ್ರ, ಮೊದಲನೆಯದರ ಹೊತ್ತಿಗೆ ಬಸುರಿ ಅಂತ ಅವಳಿಗೇ ಗೊತ್ತಿರಲಿಲ್ಲ, ನೀನು ಹೇಗೂ ತಿಂಗಳಿಗೊಂದು ತೆಗೀತಾ ಇರ್ತೀಯಲ್ಲ, ಆ ತಿಂಗಳದ್ದು ಒಂದು ಹುಡುಕಿ ಕೊಡು ಅಂದಿದ್ದಳು, ಕೊಟ್ಟಿದ್ದೆ, ಹುಟ್ಟುವುದಕ್ಕೆ ಮುಂಚೆ ನಿನಗೆ ಎಷ್ಟು ಚಂದ್ರ ಆಗಿತ್ತು ಅಂತ ಅವನಿಗೆ ತೋರಿಸುತ್ತಾಳಂತೆ. ಎಲ್ಲಾ ಒಂದೇ ಚಂದ್ರ ಅಲ್ವೇನೇ, ಒಂದೇ ಫೋಟೋನ ಒಂಬತ್ತು ಪ್ರಿಂಟ್ ಹಾಕ್ಸಿದ್ರೆ ಸಾಲ್ದಾ, ಅಂದಿದ್ದ ಕ್ರೇನಪ್ಪ, ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು, ಮೂರನೆಯ ದಿನ ಅವನೇ ಅಳತೆಪಟ್ಟಿ ಹಿಡಿದು ಗೋಡೆಯಲ್ಲಿ ಪೆನ್ಸಿಲಿನಿಂದ ಒಂಬತ್ತು ಗುರುತು ಹಾಕಿಕೊಟ್ಟ, ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲದ ಹಾಗೆ, ಎತ್ತರದಿಂದ ಇಳಿಸಿ ಗುರಿಗೆ ಕೂರಿಸುವವನ ಕಣ್ಣು. ಆರನೆಯ ಗುರುತಿಗೆ ಆಗಲೇ ಅಂಟುಪಟ್ಟಿ ಹಚ್ಚಿ ಇಟ್ಟಿದ್ದಾಳೆ, ಧೂಳು ಕೂತಿದೆ, ಬೇಗ ಕೊಡು ಅಂತ ಮೊನ್ನೆ ಫೋನಿನಲ್ಲಿ ಹೇಳಿದ್ದು — ಮೊನ್ನೆ, ಮೊನ್ನೆ ಇದ್ದ, ಮೊನ್ನೆ ಒದ್ದಿದ್ದ, ಫೋನ್ ಹಿಡಿದ ಕೈಗೇ ಒದ್ದ ನೋಡು ಅಂದಿದ್ದಳು —

ಎಷ್ಟು ತಿಂಗಳು ಈಗ, ಅಂತ ಕೇಳಿದ್ದು ಕೆಳಗಿನ ಮನೆಯ ಟೈಲರಮ್ಮ, ಒಣಗಿದ ಬಟ್ಟೆ ತೆಗೆಯಲು ಬಂದಿದ್ದಾರೆ, ಬಾಯಲ್ಲಿ ಎರಡು ಕ್ಲಿಪ್ಪು, ಹೆಗಲ ಮೇಲೆ ಆ ಬೆಡ್‌ಶೀಟು. ಆರು, ಅಂದಳು ಗುಬ್ಬಿ, ಹೊಟ್ಟೆಯ ಮೇಲೆ ಕೈ ಇಟ್ಟು, ಎಲ್ಲಾ ಬಸುರಿಯರೂ ಇಡುವ ಹಾಗೆ, ತಟ್ಟೆಯ ಮೇಲೆ ಮುಚ್ಚಳ ಇಟ್ಟ ಹಾಗೆ. ಅಯ್ಯೋ ಗೊತ್ತೇ ಆಗಲ್ಲ, ಮುಖದಲ್ಲಿ ಕಳೆ ಚೆನ್ನಾಗಿದೆ, ನಾನು ನಾಲ್ಕು ಅಂಗಿ ಹೊಲಿದು ಇಡ್ತೀನಮ್ಮ, ಹಳೇ ಮೆತ್ತನೆ ಬಟ್ಟೇಲಿ, ಹೊಸ ಬಟ್ಟೆ ಕೂಸಿಗೆ ಚುಚ್ಚತ್ತೆ. ಅಳತೆ, ಅಂದಳು ಗುಬ್ಬಿ ನಗುತ್ತಾ. ಅಳತೆ ಏನ್ ಬಂತು, ಹುಟ್ಟೋವಾಗ ಎಲ್ಲಾ ಒಂದೇ ಅಳತೆ, ಆಮೇಲೆ ತಾನೇ ಒಬ್ಬ ಉದ್ದ ಒಬ್ಬ ಗಿಡ್ಡ. ಅವರು ನನ್ನ ಕಡೆ ತಿರುಗಿ ನಿಮ್ಗೇನಮ್ಮ, ದಿನಾ ಒಳಗಿಂದಾನೇ ಮುಖ ನೋಡ್ತೀರಾ, ಅಂದರು, ನಾನು ಕ್ಯಾಮೆರಾವನ್ನು ಮುಖಕ್ಕೆ ಒತ್ತಿಕೊಂಡೆ, ಕ್ಯಾಮೆರಾ ಇದ್ದರೆ ಒಂದು ಅನುಕೂಲ, ಮುಖದ ಅರ್ಧ ಅದೇ ಮುಚ್ಚಿಕೊಳ್ಳುತ್ತದೆ. ಹೇಳಿಬಿಡಲೇ, ಬೇಡ ಟೈಲರಮ್ಮ, ಹೊಲಿಯಬೇಡಿ. ಅವರ ಚಪ್ಪಲಿ ಮೆಟ್ಟಿಲಿಳಿದು ಹೋಯಿತು, ಪಟ್ ಪಟ್ ಪಟ್ ಪಟ್, ಎಷ್ಟು ಸಲೀಸಾಗಿ ಬಡಿಯುತ್ತವೆ ಎಲ್ಲವೂ, ಚಪ್ಪಲಿ, ಕೆಳಗೆ ಅವರ ಮನೆಯಲ್ಲಿ ಯಾರೋ ತುಳಿಯುತ್ತಿರುವ ಹೊಲಿಗೆ ಯಂತ್ರ, ನನ್ನ ಕಿವಿಯೊಳಗೆ ನನ್ನದೇ ರಕ್ತ. ಆಸ್ಪತ್ರೆಯ ಜನರೇಟರ್ ಕೂಡ.

ಅಕ್ಕಾ ಅವನು ಮೇಲೆ ಹೋಗ್ತಾ ಇದಾನೆ, ಹಳದಿ ಬಣ್ಣ ಹೋಗ್ಬಿಡತ್ತೆ. ಒತ್ತಿದೆ. ಗುಂಯ್ ಅಂದಿತು, ನಿಂತ. ಹುಣ್ಣಿಮೆಗೆ ಇನ್ನೆರಡು ದಿನ, ಒಂದು ಅಂಚು ಪೂರ್ತಿ ತುಂಬಿಲ್ಲ, ಅಲ್ಲಿ ಮಾತ್ರ ಕುಳಿಗಳು ನೆರಳು ತುಂಬಿಕೊಂಡು ಆಳವಾಗಿ ಕಾಣುತ್ತವೆ, ಉಳಿದ ಕಡೆ ಚಪ್ಪಟೆ, ಬೂದು, ಸಣ್ಣ ಸಣ್ಣ ಕಾಳು, ಏನೂ ಅಲುಗುತ್ತಿಲ್ಲ, ನಾನು ಪೂರ್ತಿ ಒತ್ತಿದೆ, ಇನ್ನೊಂದು ಸಲ, ಇನ್ನೊಂದು, ಕಣ್ಣು ತೆಗೆಯಲು ಧೈರ್ಯವಿಲ್ಲ, ತೆಗೆದರೆ ಅವಳನ್ನು ನೋಡಬೇಕು. ಮೊಣಕೈ ಪಕ್ಕೆಯ ಮೇಲೆ ನಿಲ್ಲುತ್ತಿಲ್ಲ, ಕುತ್ತಿಗೆಯಿಂದ ಬೆರಳಿನ ತುದಿಯವರೆಗೆ ಒಂದೇ ಸಮನೆ ನಡುಕ, ಚಳಿಯಲ್ಲಿ ನಿಂತ ನಾಯಿಯ ಹಾಗೆ, ತೋರಿಸು ತೋರಿಸು ಅಂತ ಗುಬ್ಬಿ ಕ್ಯಾಮೆರಾ ಕಿತ್ತುಕೊಂಡು ಹಿಂದಿನ ಪುಟ್ಟ ಪರದೆಯಲ್ಲಿ ಚಿತ್ರ ಹಿಗ್ಗಿಸಿದಳು, ಅಬ್ಬ ಅಕ್ಕಾ, ಒಂಚೂರೂ ಅಲುಗಿಲ್ಲ, ನಿನ್ನ ಕೈ ಅಂದ್ರೆ ಕೈ. ನಿಜ, ಅಲುಗಿಲ್ಲ, ಸೂಜಿಯಲ್ಲಿ ಗೀರಿದ ಹಾಗಿದೆ ಒಂದೊಂದು ಕುಳಿಯ ಅಂಚೂ, ನನ್ನ ನಡುಕ ಅಷ್ಟನ್ನೂ ಆ ಗಾಜು ನುಂಗಿಕೊಂಡಿದೆ, ಎಷ್ಟು ಹಿಗ್ಗಿಸಿದರೂ ಅದರ ಗುರುತು ಸಿಗಲಿಲ್ಲ ಅವಳಿಗೆ, ಸಿಗಲಿ, ಯಾಕೆ ಸಿಗುವುದಿಲ್ಲ, ಮಸುಕಾದ ಒಂದು ಚಿತ್ರ ಬಂದಿದ್ದರೆ ಅವಳೇ ಕೇಳುತ್ತಿದ್ದಳು ಏನಾಯ್ತು ಅಂತ, ನಾನು ಹೇಳಬೇಕಾಗಿರಲಿಲ್ಲ, ಮುಖ ನೋಡಿದ್ದರೆ ಸಾಕಾಗಿತ್ತು.

ನಂಗೂ ಒಂದು, ಅಂತ ಕುರ್ಚಿಯ ಕೈ ಹಿಡಿದು ಎದ್ದಳು. ಭಾರ ಇದೆ ಗುಬ್ಬಿ. ನನಗಿಂತಾನಾ, ಅಂದಳು. ಬರಿಗಾಲಲ್ಲೇ ನಿಂತು ಕ್ಯಾಮೆರಾ ಎತ್ತಿದಳು, ಲೆನ್ಸಿನ ಮೂತಿ ಕೆಳಗೆ ವಾಲಿತು, ನಾನು ಹಿಂದಿನಿಂದ ಹೋಗಿ ಅವಳ ಎರಡೂ ಮೊಣಕೈಗಳನ್ನು ಕೆಳಗಿನಿಂದ ಹಿಡಿದೆ, ಅವಳ ಬೆನ್ನು ನನ್ನ ಎದೆಗೆ, ಅವಳ ಕೂದಲಲ್ಲಿ ಆಸ್ಪತ್ರೆಯ ದಿಂಬಿನ ವಾಸನೆ, ಸೈಕಲ್ ಕಲಿಸುವಾಗ ಹೀಗೇ ಹಿಡಿದಿದ್ದೆ, ಬಿಡ್ಬೇಡ ಅಕ್ಕಾ ಅಂತ ಚೀರುತ್ತಿದ್ದಳು, ಬಿಟ್ಟಾಗ ಬಿಟ್ಟೆ ಅಂತ ಹೇಳಿಯೇ ಬಿಡುತ್ತಿದ್ದೆ, ಬೇರೆಯವರ ಹಾಗೆ ಹಿಡಿದ ಹಾಗೆ ನಟಿಸಿ ಬಿಡುತ್ತಿರಲಿಲ್ಲ, ಹಾಗಾಗಿ ಅವಳಿಗೆ ಅಕ್ಕ ಅಂದರೆ ನಂಬಿಕೆ — ನನ್ನ ಮುಂಗೈಗಳ ಮೇಲೆ ಅವಳ ಹೊಟ್ಟೆ ಕೂತಿದೆ. ಬಿಗಿಯಾಗಿ. ಬೆಚ್ಚಗೆ. ನಾನು ಕೈಯ ಚರ್ಮದಲ್ಲೇ ಕಿವಿ ಇಟ್ಟು ಕೇಳುತ್ತಿದ್ದೇನೆ, ಒದಿ ಮರಿ, ಒಂದು ಸಲ, ನಿನ್ನ ದೊಡ್ಡಮ್ಮ ಕೆಲಸ ಗೊತ್ತಿಲ್ಲದ ದಡ್ಡಿ ಅಂತ ತೋರಿಸು, ನಾಳೆಯಿಂದ ಆ ಕೋಣೆಗೆ ಕಾಲಿಡುವುದಿಲ್ಲ, ಯಾವ ಯಂತ್ರವನ್ನೂ ಮುಟ್ಟುವುದಿಲ್ಲ, ಎಲ್ಲರೂ ನಗಲಿ, ತಂಗಿಯ ಮಗುವನ್ನೇ ಸರಿಯಾಗಿ ನೋಡದವಳು ಅಂತ ಊರೆಲ್ಲ ಆಡಿಕೊಳ್ಳಲಿ, ಒಂದೇ ಸಲ ಒದಿ. ಅವಳ ಉಸಿರು ಏರುತ್ತದೆ, ಇಳಿಯುತ್ತದೆ, ಅದರ ಜೊತೆ ಹೊಟ್ಟೆಯೂ. ಅಷ್ಟೇ. ಎಲ್ಲಿ ಒತ್ತಬೇಕು. ಅಲ್ಲೇ, ಅರ್ಧ ಒತ್ತಿ ಹಿಡ್ಕೋ. ಒತ್ತಿದಳು. ಅಕ್ಕಾ, ನಿಂತ್ಬಿಟ್ಟ ನೋಡು, ಅಂದಳು ಸಂತೋಷವಾಗಿ, ಓಡಾಡ್ತಾ ಇದ್ದೋನು ಒತ್ತಿದ ತಕ್ಷಣ ನಿಂತೇ ಬಿಟ್ಟ. ಹೂಂ ಅಂದೆ ಅವಳ ಕೂದಲಿಗೆ.

ಜೇಬಿನಲ್ಲಿ ಫೋನ್ ಅದುರಿತು. ಡಾಕ್ಟರಮ್ಮ. ಟ್ಯಾಂಕಿನ ಪಕ್ಕಕ್ಕೆ ಸರಿದೆ, ಕಾರಿನೊಳಗಿಂದ ಮಾತಾಡುತ್ತಿದ್ದರು, ನೋಡಿದೆ, ಎರಡು ಸಲ ನೋಡಿದೆ, ಅಂದರು, ಮಧ್ಯಾಹ್ನದಿಂದ ಬಾಯಲ್ಲಿಟ್ಟು ಚೀಪುತ್ತಿದ್ದ ಆ ಮಾತು ಕರಗಿ ಹೋಯಿತು, ನಿನ್ನ ಕಣ್ಣು ತಪ್ಪಿಲ್ಲಮ್ಮ, ಅವಳನ್ನ ಕರ್ಕೊಂಡು ಬಾ, ನಾನು ಕೋಣೇಲೇ ಇರ್ತೀನಿ, ಇನ್ನೊಂದು ಸಲ ಹಾಕಿ ನೋಡಿ ನಾನೇ ಹೇಳ್ತೀನಿ, ಗಂಡನಿಗೂ ಬರೋಕೆ ಹೇಳು. ಸರಿ ಮೇಡಂ. ಅಷ್ಟೇ ಬಂತು ನನ್ನ ಬಾಯಿಂದ, ದಿನಾ ಹೇಳುವ ಹಾಗೆ, ಹೊಸ ಜೆಲ್ ಡಬ್ಬಿ ತರಿಸು ಅಂದರೂ ಅದೇ ಸರಿ ಮೇಡಂ. ತಿರುಗಿದರೆ ಗುಬ್ಬಿ ಮತ್ತೆ ಕುರ್ಚಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಕ್ಯಾಮೆರಾ, ನನ್ನನ್ನು ನೋಡುತ್ತಿಲ್ಲ, ಆರಿಹೋದ ಪರದೆಯನ್ನು ನೋಡುತ್ತಿದ್ದಾಳೆ. ಡಾಕ್ಟರಾ. ಹೂಂ. ಹೋಗ್ಬೇಕಾ. ಹೂಂ. ಸ್ವಲ್ಪ ಹೊತ್ತು ಲೆನ್ಸಿನ ಮುಚ್ಚಳವನ್ನು ಹಾಕಿದಳು, ತೆಗೆದಳು, ಹಾಕಿದಳು. ಅಕ್ಕಾ, ಏನಾದ್ರೂ ಇದ್ರೆ ನೀನು ಹೇಳ್ಬೇಡ. ಅವರೇ ಹೇಳ್ಲಿ. ನಾನು ಬಾಯಿ ತೆರೆದೆನೋ ಏನೋ, ಅವಳು ಕೈ ಎತ್ತಿದಳು, ಬೇಡ ಅಂದ್ನಲ್ಲ, ಅಮ್ಮ ತೀರಿಕೊಂಡಿದ್ದು ನೀನೇ ಹೇಳಿದ್ದು, ಬೇರೆ ಎಲ್ರೂ ಅಮ್ಮ ವಿಶ್ರಾಂತಿಗೆ ಹೋಗಿದಾಳೆ ಅಂದ್ರು, ನೀನು ಬಚ್ಚಲಮನೆ ಬಾಗಿಲಲ್ಲಿ ನಿಂತು ನಿಜ ಹೇಳ್ದೆ, ಹೆಗಲ ಮೇಲೆ ಹಸಿರು ಟವೆಲ್ ಇತ್ತು, ಹೇಳಿದ್ದು ಸರಿ, ನಾನೇನು ತಪ್ಪು ಅಂತಿಲ್ಲ, ಆದ್ರೆ ಆಮೇಲೆ ಎಷ್ಟೋ ದಿನ ನಿನ್ನ ಮುಖ ನೋಡಿದಾಗೆಲ್ಲ ನಂಗೆ ಅದೇ ಕೇಳಿಸ್ತಿತ್ತು, ನೀನು ಊಟಕ್ಕೆ ಬಾ ಅಂದ್ರೂ ಅದೇ ಕೇಳಿಸ್ತಿತ್ತು, ನಂಗೆ ಇನ್ನು ಮುಂದೆ ನಿನ್ನ ಮುಖ ಬೇಕಾಗತ್ತೆ ಅಕ್ಕಾ. ಹೀಗಂದಳು. ಅಳಲಿಲ್ಲ. ನನ್ನ ಚಪ್ಪಲಿ ಎಲ್ಲಿ, ಅಂದಳು.

ಕುರ್ಚಿಯ ಕೆಳಗಿದೆ, ಪಾದ ಊದಿಕೊಂಡಿದೆ ಅಂತ ಬಿಚ್ಚಿಟ್ಟಿದ್ದಳು, ಅವಳಿಗೆ ಬಗ್ಗಲು ಆಗುವುದಿಲ್ಲ, ನಾನು ಮಂಡಿಯೂರಿ ಕೂತೆ, ಕ್ರೇನಪ್ಪನಿಗೆ ನಾನೇ ಸಂದೇಶ ಹಾಕ್ತೀನಿ ಅಂದಳು ಮೇಲಿನಿಂದ, ಬಲಗಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ, ಮಗುವನ್ನು ಶಾಲೆಗೆ ಹೊರಡಿಸುವಾಗ ಇಟ್ಟುಕೊಳ್ಳುವ ಹಾಗೆ, ಹಿಮ್ಮಡಿಯ ಮೇಲೆ ತಾರಸಿಯ ಧೂಳು, ಒರೆಸಿದೆ, ಪಟ್ಟಿ ಎಳೆದೆ, ಬಕಲ್ಲಿನ ಕಡ್ಡಿ ಹಿಡಿದೆ, ಕೊನೆಯ ತೂತಿಗೆ ಹಾಕಬೇಕು, ಪಾದ ಬಾತಿದೆ, ಪಟ್ಟಿ ಸಾಲುತ್ತಿಲ್ಲ, ಕಡ್ಡಿ ತೂತಿನ ಅಂಚಿಗೆ ತಾಗಿತು, ತಪ್ಪಿತು. ಇನ್ನೊಂದು ಸಲ. ತಾಗಿತು, ತಪ್ಪಿತು. ನನ್ನ ಎರಡೂ ಕೈ ನನ್ನ ಕಣ್ಣೆದುರಿಗೇ ಇವೆ, ಯಾರದೋ ಕೈಗಳ ಹಾಗೆ, ನಿಲ್ಲು ಅಂದರೆ ನಿಲ್ಲುತ್ತಿಲ್ಲ, ಅವಳಿಗೂ ಕಾಣುತ್ತಿದೆ, ಮೇಲಿನಿಂದ ಎಲ್ಲವೂ ಕಾಣುತ್ತದೆ, ಮೆಲ್ಲಗೆ ಹಾಕು ಅಕ್ಕಾ ಅನ್ನುತ್ತಾಳೆ, ನನ್ನ ತಲೆಯ ಮೇಲೆ ಕೈ ಇಟ್ಟಿದ್ದಾಳೆ, ಮೆಲ್ಲಗೆ, ಏನೂ ಅವಸರ ಇಲ್ಲ, ಪಾದ ನನ್ನ ಅಂಗೈಯಲ್ಲಿ ಬೆಚ್ಚಗಿದೆ, ಪಟ್ಟಿ, ಕಡ್ಡಿ, ತೂತು ಇಲ್ಲೇ ಇದೆ, ಇಷ್ಟು ಹತ್ತಿರ, ಎಳ್ಳಿನಷ್ಟು ಕಪ್ಪು ತೂತು, ಕಡ್ಡಿ ತಾಗುತ್ತದೆ, ತಪ್ಪುತ್ತದೆ, ತಾಗುತ್ತದೆ, ತಪ್ಪುತ್ತದೆ, ತಾಗುತ್ತದೆ